ಕೋಸಗಿಯ ಅಂಟು ಮಾವು

ಗುಂತಕಲ್ಲಿನಿಂದ ರಾಯಚೂರಿನತ್ತ ಹೊರಟ ರೈಲು ಆದೋನಿಯನ್ನು ದಾಟಿದ ಮೇಲೆ ಇಸ್ವಿ, ಕುಪ್ಪಗಲ್ಲು ಎಂಬ ಚಿಕ್ಕ ನಿಲ್ದಾಣಗಳನ್ನು ಹಿಂದಿಕ್ಕಿ ಕೋಸಗಿಗೆ ಬರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮಂತ್ರಾಲಯ ರೋಡ್, ಅದರಾಚೆ ತುಂಗಭದ್ರೆಯ ಸೇತುವೆ, ಸೇತುವೆಯಾಚೆ ಕರ್ನಾಟಕ. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಈ ದಾರಿಯಲ್ಲಿ ಹಗಲಿರುಳು ಗಾಡಿಗಳು ಓಡುತ್ತಿವೆ. ಕಿಟಕಿಯ ಪಕ್ಕ ಕುಳಿತವರಿಗೆ ಕೋಸಗಿಯೆಂದರೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡ, ಅದರ ಬುಡದಲ್ಲಿ ಹರಡಿಕೊಂಡ ಊರು, ಸುತ್ತ ಹತ್ತಿಯ ಹೊಲ. ಅಷ್ಟು ನೋಡುವುದರೊಳಗೆ ಗಾಡಿ ಮುಂದಕ್ಕೆ ಹೋಗಿರುತ್ತದೆ.

ಇಳಿದು ನಡೆದವರಿಗೆ ಊರು ಬೇರೆಯದೇ ಮಾತು ಹೇಳುತ್ತದೆ. ಸಂತೆಯಲ್ಲಿ ತೆಲುಗು, ಮನೆಯೊಳಗೆ ಕನ್ನಡ. ಜಗಳಕ್ಕೆ ಒಂದು, ಜೋಗುಳಕ್ಕೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಒಂದೇ ವಾಕ್ಯದ ತಲೆ ಒಂದು ನುಡಿಯಲ್ಲಿ, ಬಾಲ ಇನ್ನೊಂದರಲ್ಲಿ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ನೆಲವಿದು. ಮುಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ ಹೋಯಿತು. ಆದೋನಿ ತಾಲೂಕಿನೊಡನೆ ಕೋಸಗಿಯೂ ಕರ್ನೂಲು ಜಿಲ್ಲೆಯ ಊರಾಯಿತು. ನೆಂಟಸ್ತನ ಮಾತ್ರ ಯಾವ ಆಜ್ಞೆಗೂ ಒಡೆಯಲಿಲ್ಲ. ಇಂದಿಗೂ ಹೆಣ್ಣು ಕೊಡುವುದು, ತರುವುದು ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಕಡೆಯಿಂದ ನಡೆದೇ ಇದೆ.

ಈ ಊರಿನ ಒಂದು ಹಿತ್ತಿಲಲ್ಲಿ ಒಂದು ಮಾವಿನ ಮರ ಒಣಗತೊಡಗಿತ್ತು. ಮನೆಯವರ ಹೆಸರು ಇಲ್ಲಿ ಬೇಡ. ಕೋಸಗಿಯಲ್ಲಿ ಇಂಥ ಮನೆಗಳು ಹಲವಾರು ಇವೆ, ಇಂಥ ಮರಗಳೂ ಇವೆ.

ಸುಗ್ಗಿಗೆ ಹೋಗುವವರ ಊರು

ಮರದ ಕತೆಗೆ ಮೊದಲು ಒಂದು ಪದದ ಕತೆಯನ್ನು ಹೇಳಬೇಕು. ಕನ್ನಡದಲ್ಲಿ ಸುಗ್ಗಿ ಎಂದರೆ ಕಣ ತುಂಬುವ ಕಾಲ, ಹಿಗ್ಗಿನ ಕಾಲ. ಕೋಸಗಿಯ ಸೀಮೆಯಲ್ಲಿ ‘ಸುಗ್ಗಿಗೆ ಹೋಗುವುದು’ ಎಂದರೆ ಊರು ಬಿಡುವುದು. ಮಳೆ ಕಡಿಮೆ, ಮುಂಗಾರಿನ ಹತ್ತಿ, ಶೇಂಗಾ, ಮೆಣಸಿನ ಬೆಳೆ ಕೈಗೆ ಬಂದರೂ ಬಾರದಿದ್ದರೂ ಚಳಿಗಾಲದ ಹೊತ್ತಿಗೆ ಕೂಲಿ ತೀರಿಹೋಗುತ್ತದೆ. ಆಗ ಮೇಸ್ತ್ರಿಯಿಂದ ಮುಂಗಡ ಪಡೆದ ಸಂಸಾರಗಳು ಗಂಟುಮೂಟೆ ಕಟ್ಟಿ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೊರಡುತ್ತವೆ. ಇನ್ನು ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಬೇರೆಯವರ ಹೊಲದ ಸುಗ್ಗಿಯೇ ಇವರ ಸುಗ್ಗಿ. ಮಕ್ಕಳನ್ನು ಬಿಟ್ಟುಹೋಗಲು ದಿಕ್ಕಿಲ್ಲದವರು ಕರೆದುಕೊಂಡೇ ಹೋಗುತ್ತಾರೆ. ವಲಸೆ ಹೋಗುವವರ ಮಕ್ಕಳಿಗೆಂದು ಸರ್ಕಾರ ಋತುಮಾನದ ವಸತಿ ನಿಲಯಗಳನ್ನು ನಡೆಸುವುದುಂಟು. ಆದರೂ ಸಂಕ್ರಾಂತಿಯ ಮೇಲೆ ಹಾಜರಿ ಪುಸ್ತಕದ ಸಾಲುಗಳಲ್ಲಿ ಗೈರುಹಾಜರಿಯ ಗುರುತುಗಳು ತುಂಬುತ್ತವೆ. ಯುಗಾದಿಗೆ ಮರಳುವ ಮಗು ತಾನು ಬಿಟ್ಟ ಪಾಠವನ್ನು ಹುಡುಕುವ ಹೊತ್ತಿಗೆ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

ಆ ಮನೆಯ ಮಗಳು ಕನ್ನಡ ಮಾಧ್ಯಮದ ಆರನೆಯ ತರಗತಿಯವಳು. ಅವಳು ಹುಟ್ಟಿದ ವರ್ಷ ಸಂತೆಯಲ್ಲಿ ತಳ್ಳುಗಾಡಿಯವನಿಂದ ತಂದೆ ಒಂದು ಸಸಿ ಕೊಂಡು ತಂದಿದ್ದನು. ಅದು ಬಂಗನಪಲ್ಲಿ ಮಾವು. ಬೇನಿಷಾ ಎಂದೂ ಕರೆಯುವ ಈ ತಳಿಗೆ ಹೆಸರು ಕೊಟ್ಟ ಬನಗಾನಪಲ್ಲೆ ಹಿಂದೆ ಕರ್ನೂಲು ಜಿಲ್ಲೆಯಲ್ಲೇ ಇತ್ತು. 2022ರಲ್ಲಿ ಜಿಲ್ಲೆ ಒಡೆದಾಗ ನಂದ್ಯಾಲಕ್ಕೆ ಸೇರಿತು. ಹಳದಿ ಸಿಪ್ಪೆಯ, ನಾರಿಲ್ಲದ ಈ ಹಣ್ಣಿಗೆ 2017ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ತೆಲುಗರು ಇಂಥ ಸಸಿಯನ್ನು ಅಂಟು ಎನ್ನುತ್ತಾರೆ, ಕನ್ನಡಿಗರು ಕಸಿ ಎನ್ನುತ್ತಾರೆ. ಕೋಸಗಿಯಲ್ಲಿ ಎರಡೂ ಸಲ್ಲುತ್ತದೆ.

ಅಂಟು ಮರವೆಂದರೆ ಎರಡು ಮರ. ನೆಲದೊಳಗೆ ನಾಟಿ ಮಾವಿನ ಬೇರು. ಅದರ ಮೇಲೆ ಜಾತಿ ಮಾವಿನ ಕುಡಿ. ನಾಟಿ ವಾಟೆಯಿಂದ ಎದ್ದ ಸಸಿಯ ತಲೆಯನ್ನು ಕತ್ತರಿಸಿ, ಸೀಳಿ, ಅದರಲ್ಲಿ ಒಳ್ಳೆಯ ಮರದ ಕಡ್ಡಿಯನ್ನು ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟುತ್ತಾರೆ. ತೊಗಟೆಯ ಅಡಿಯ ಹಸಿರು ಪದರಗಳು ಒಂದಕ್ಕೊಂದು ತಾಗಿದರೆ ಬೆಸೆಯುತ್ತವೆ. ಬೆಸೆದ ಜಾಗ ಮುಂದೆ ಗಂಟಾಗಿ ಕಾಣುತ್ತದೆ. ನೀರನ್ನು ಎತ್ತುವುದು, ಬರವನ್ನು ತಾಳುವುದು ಕೆಳಗಿನ ಮರದ ಪಾಲು; ರುಚಿ, ಬಣ್ಣ, ಗಾತ್ರ ಮೇಲಿನ ಮರದ ಪಾಲು. ಒಂದರ ಊಟ ಇನ್ನೊಂದರ ಕೈಯಲ್ಲಿ.

ಮರ ಐದನೆಯ ವರ್ಷಕ್ಕೆ ಹಣ್ಣು ಕೊಟ್ಟಿತು. ಎಂಟರವರೆಗೆ ಹೆಚ್ಚುತ್ತಲೇ ಹೋಯಿತು. ಒಂಬತ್ತನೆಯ ವರ್ಷ ಎಲೆ ಚಿಕ್ಕದಾಯಿತು. ಹತ್ತನೆಯ ವರ್ಷ ಇಡೀ ಮರ ಎಲೆ ಕಾಣದಂತೆ ಹೂ ಬಿಟ್ಟಿತು. ಕೇರಿಯೆಲ್ಲ ಬಂದು ನೋಡಿ ಮೆಚ್ಚಿತು. ಆ ಹೂವಿನಲ್ಲಿ ಕಾಯಿ ಕಚ್ಚಿದ್ದು ಬೊಗಸೆಯಷ್ಟು. ಅದೂ ಗೋಲಿಯಷ್ಟಾಗಿ ಉದುರಿತು. ಹನ್ನೊಂದನೆಯ ವರ್ಷ, ಬೀದಿಯ ಕಡೆಯ ಕೊಂಬೆಗಳು ತುದಿಯಿಂದ ಒಣಗುತ್ತ ಬಂದವು.

ಹತ್ತು ಜನ, ಹತ್ತು ಮದ್ದು

ಒಣಗುವ ಮರಕ್ಕೆ ವೈದ್ಯರ ಕೊರತೆಯಿಲ್ಲ. ಎಲೆ ಹಳದಿಯಾಗಿದೆ, ಯೂರಿಯಾ ಹಾಕಿರಿ ಎಂದರು ಒಬ್ಬರು, ಹಾಕಿದ್ದಾಯಿತು. ಹುಳು ಬಿದ್ದಿದೆ ಎಂದರು ಇನ್ನೊಬ್ಬರು. ಹತ್ತಿಗೆ ಹೊಡೆದು ಉಳಿದಿದ್ದ ಔಷಧವನ್ನು ಎಲೆ ತೊಯ್ಯುವಂತೆ ಹೊಡೆದದ್ದಾಯಿತು. ನೀರು ಸಾಲದು ಎಂದವರ ಮಾತಿಗೆ ಬಚ್ಚಲ ನೀರನ್ನು ಕಾಲುವೆ ತೋಡಿ ಬುಡಕ್ಕೇ ಬಿಟ್ಟರು. ಹೋದ ವರ್ಷದ ಹೂವಿಗೆ ಕಣ್ಣು ತಾಗಿದೆ ಎಂದು ಅಜ್ಜಿ ಹಳೆಯ ಕೆರವೊಂದನ್ನು ಕೊಂಬೆಗೆ ಕಟ್ಟಿದಳು. ಕೊನೆಗೆ ಸೌದೆಯ ವ್ಯಾಪಾರಿ ಬಂದು ಮರದ ಸುತ್ತ ಒಂದು ಸುತ್ತು ಹಾಕಿ, ಪೂರ್ತಿ ಒಣಗಿದ ಮೇಲೆ ಬೆಲೆ ಇಳಿಯುತ್ತದೆ ಎಂದು ಹೇಳಿ ಹೋದನು. ಆ ವರ್ಷದ ಮುಂಗಡವನ್ನು ಇನ್ನೂ ಪಡೆದಿರಲಿಲ್ಲ. ತಂದೆ ಮರವನ್ನು ಕೊಟ್ಟುಬಿಡುವ ಮನಸ್ಸಿಗೆ ಬಂದಿದ್ದನು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ಕೋಸಗಿಯ ಸುತ್ತಿನ ದಾರಿಗಳೆಲ್ಲ ಉರುಕುಂದದ ಕಡೆಗೆ ತಿರುಗುತ್ತವೆ. ಕೌತಾಳಂ ಮಂಡಲದ ಆ ಊರಿನ ಈರಣ್ಣಸ್ವಾಮಿಯ ದರ್ಶನಕ್ಕೆ ಕರ್ನಾಟಕದಿಂದ ಬರುವ ಭಕ್ತರು ಅಸಂಖ್ಯ. ಹಾಗೆ ರಾಯಚೂರಿನ ಕಡೆಯಿಂದ ಹೊರಟ ತಾಯಿಯ ಅಣ್ಣ ತಂಗಿಯ ಮನೆಯಲ್ಲಿ ಎರಡು ದಿನ ಉಳಿದನು. ಹಲವು ವರ್ಷ ಸಸಿಗಳ ತೋಟದಲ್ಲಿ ಕಸಿ ಕಟ್ಟಿದ ಕೈ ಅವನದು. ತಂಗಿ ನೀರು ಕೊಡುವ ಮೊದಲೇ ಅವನ ಕಣ್ಣು ಹಿತ್ತಿಲಿಗೆ ಹೋಗಿತ್ತು.

“ಎಷ್ಟು ಔಷಧ ಹೊಡದೀರಿ ಇದಕ್ಕ?” ಎಂದು ಕೇಳಿದನು. ತಂಗಿ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿದ ಮೇಲೆ ಅವನು ಅಂದದ್ದು ಇಷ್ಟೇ: “ಎಲಿ ನೋಡಿ ಔಷಧ ಹೊಡಿಯೋದಲ್ಲ ತಂಗಿ. ಬುಡ ಯಾರಾದರೂ ನೋಡೀರೇನು?”

ಯಾರೂ ನೋಡಿರಲಿಲ್ಲ.

ಒಂದೊಂದಾಗಿ ಕೈಬಿಟ್ಟ ಶಂಕೆಗಳು

ಅವನು ನೋಡಿದ ಕ್ರಮ ಮಗಳಿಗೆ ಇಂದಿಗೂ ಬಾಯಿಪಾಠವಾಗಿದೆ. ಮೊದಲು ದೂರ ನಿಂತು ಇಡೀ ಮರವನ್ನು ನೋಡಿದನು. ಮರ ಎಲ್ಲ ಕಡೆಯಿಂದ ಒಂದೇ ಸಮನೆ ಸೊರಗಿದೆಯೋ, ಒಂದು ಪಕ್ಕ ಹೆಚ್ಚೋ? ಇಲ್ಲಿ ಎಲ್ಲ ಕಡೆ ಸೊರಗಿತ್ತು, ಬೀದಿಯ ಪಕ್ಕ ಹೆಚ್ಚು. ಅಂದರೆ ಕಾರಣ ಒಂದೇ ಇರಬೇಕಾಗಿಲ್ಲ.

ಆಮೇಲೆ ಎಲೆ. ಹೊಸ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಅದು ಸಾಮಾನ್ಯ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ತುದಿ, ಅಂಚು ಸುಟ್ಟಂತಿದ್ದರೆ ಉಪ್ಪು ನೀರಿನ ಶಂಕೆ. ಮಗಳು ಒಂದು ಹಿಡಿ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿದಳು. ಸಣ್ಣಗೆ ನೊರೆ ಎದ್ದಿತು, ಮಣ್ಣಿನಲ್ಲಿ ಸುಣ್ಣವಿದೆ. ಆದರೆ ಎಲೆಯಲ್ಲಿ ಹಸಿರು ನರದ ಗುರುತು ಕಾಣಲಿಲ್ಲ. ಹೊಸದು, ಹಳೆಯದು ಎನ್ನದೆ ಎಲ್ಲವೂ ಮಂಕಾಗಿತ್ತು. ಸುಣ್ಣ ತೊಂದರೆ ಕೊಟ್ಟಿರಬಹುದು, ಮರವನ್ನು ಕೊಲ್ಲುತ್ತಿರುವುದು ಅದಲ್ಲ.

ಮೂರನೆಯದು ಕಡ್ಡಿ. ಉಗುರಿನಿಂದ ತೊಗಟೆಯನ್ನು ಕೆರೆದರೆ ಹಸಿರು ಕಾಣುವವರೆಗೆ ಜೀವವಿದೆ. ಕಂದು ಕಂಡಲ್ಲಿ ಸತ್ತಿದೆ. ಬೀದಿಯ ಕಡೆಯ ಕಡ್ಡಿಗಳ ತುದಿಯಲ್ಲಿ ಕಂದು, ಎರಡು ಗೇಣು ಕೆಳಗೆ ಹಸಿರು. ಬಲ ಕುಂದಿದ ಮರಕ್ಕೆ ಶಿಲೀಂಧ್ರ ಹತ್ತಿ ತುದಿ ಒಣಗುವುದು ಮಾವಿನಲ್ಲಿ ಹೊಸದಲ್ಲ. ಅದು ಬಿದ್ದವನ ಮೇಲೆ ಬಿದ್ದ ರೋಗ. ಬೀಳಿಸಿದವನು ಬೇರೆ ಇದ್ದಾನೆ.

ನಾಲ್ಕನೆಯದು ಕಾಂಡ. ಕಾಂಡಕೊರಕ ಹುಳು ಒಳಹೊಕ್ಕಿದ್ದರೆ ರಂಧ್ರದಿಂದ ಮರದ ಹೊಟ್ಟು, ಹಿಕ್ಕೆ ಹೊರಗೆ ಸುರಿದಿರಬೇಕು, ಅಂಟು ಇಳಿದಿರಬೇಕು. ಉದ್ದ ಮೀಸೆಯ ದೊಡ್ಡ ದುಂಬಿಯೊಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಹುಳು ವರ್ಷಗಟ್ಟಲೆ ಬೆಳೆದ ಮರವನ್ನೂ ಒಳಗಿಂದ ತಿಂದು ಕೆಡವಬಲ್ಲುದು. ಅವನು ಕಾಂಡವನ್ನು ಸುತ್ತಲೂ ತಡವಿ ನೋಡಿದನು. ರಂಧ್ರವಿರಲಿಲ್ಲ. ಆದರೆ ಮೊಣಕಾಲಿನ ಎತ್ತರದಲ್ಲಿ ಅವನ ಬೆರಳು ನಿಂತಿತು. ಅಲ್ಲಿಂದ ಮೇಲಕ್ಕೆ ಕಾಂಡ ಕೊಡದ ಹೊಟ್ಟೆಯಂತೆ ಉಬ್ಬಿತ್ತು, ಕೆಳಗೆ ತೆಳ್ಳಗಿತ್ತು. ನಡುವೆ ಸೊಂಟದ ಉಡಿದಾರ ಬಿಗಿದಂಥ ಗೆರೆ. ಕುಡುಗೋಲಿನ ತುದಿಯಿಂದ ಗೆರೆಯನ್ನು ಬಿಡಿಸಿದಾಗ ತುಕ್ಕು ಹಿಡಿದ ತಂತಿ ಕಂಡಿತು.

ತಂತಿಯ ಕತೆ ಅಜ್ಜಿಗೆ ನೆನಪಾಯಿತು. ಆರು ವರ್ಷದ ಹಿಂದೆ ಮನೆಗೆ ಒಂದು ಆಡು ತಂದಿದ್ದರು. ಹಗ್ಗ ಜಾರುತ್ತದೆಂದು, ಚಾವಣಿ ಹಾಕಿದಾಗ ಉಳಿದಿದ್ದ ಕಟ್ಟುತಂತಿಯನ್ನು ಮರಕ್ಕೆ ಎರಡು ಸುತ್ತು ಸುತ್ತಿ, ಅದಕ್ಕೆ ಹಗ್ಗ ಬಿಗಿದಿದ್ದರು. ಆಗ ಮರ ಮುಂಗೈಯಷ್ಟು ದಪ್ಪ. ಮರುವರ್ಷ ಸುಗ್ಗಿಗೆ ಹೋಗುವ ಮುನ್ನ ಆಡನ್ನು ಮಾರಿದರು. ಹಗ್ಗ ಆಡಿನೊಡನೆ ಹೋಯಿತು, ತಂತಿ ಉಳಿಯಿತು. ಮರ ದಪ್ಪವಾಗುತ್ತ ಬಂದಂತೆ ತೊಗಟೆ ಅದನ್ನು ನುಂಗಿತು. ಕಾಣದ್ದು ಮರೆತುಹೋಯಿತು.

ಐದನೆಯದಾಗಿ ಅವನು ಬುಡದ ಮಣ್ಣನ್ನು ಬಗೆಯಿಸಿದನು. ಬೀದಿಗೆ ಕಾಂಕ್ರೀಟು ಹಾಕಿದ ವರ್ಷ ಮಳೆನೀರು ಹಿತ್ತಿಲಿಗೆ ನುಗ್ಗಿತೆಂದು ಹೊಲದ ಕರಿಮಣ್ಣು ತಂದು ನೆಲವನ್ನು ಎತ್ತರಿಸಿದ್ದರು. ಮರದ ಬುಡದಲ್ಲಿ ಒಂದೂವರೆ ಗೇಣು ಮಣ್ಣು ಏರಿತ್ತು. ಕಸಿಯ ಗಂಟು ಮಣ್ಣಿನೊಳಗೆ ಹುಗಿದುಹೋಗಿತ್ತು. ಅದರ ಮೇಲೆ ಬಚ್ಚಲ ನೀರು. ಕರಿಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಬೀದಿಯ ಪಕ್ಕದ ತೊಗಟೆ ಅಂಗೈ ಅಗಲ ಕೊಳೆತು, ಒತ್ತಿದರೆ ಹುಳಿವಾಸನೆಯ ನೀರು ಬರುತ್ತಿತ್ತು. ಆ ಕಡೆಯ ಬೇರುಗಳು ಕಪ್ಪಾಗಿ ಸಿಪ್ಪೆ ಕಳಚುತ್ತಿದ್ದವು. ಅಂಗಳದ ಪಕ್ಕದ ಬೇರು ಗಟ್ಟಿಯಾಗಿತ್ತು. ಅಲ್ಲಿ ಗಂಟಿನ ಕೆಳಗಿನಿಂದ ಹೆಬ್ಬೆರಳು ದಪ್ಪದ ಒಂದು ಚಿಗುರು ನೆಟ್ಟಗೆ ಎದ್ದಿತ್ತು.

ಕಟ್ಟಿದ ತಂತಿ, ಏರಿಸಿದ ಮಣ್ಣು, ಬಿಟ್ಟ ನೀರು. ಮೂರನ್ನೂ ಮಾಡಿದವರು ಮನೆಯವರೇ. ಮೂರನ್ನೂ ಮಾಡುವಾಗ ಕೇಡು ಬಗೆದಿರಲಿಲ್ಲ.

ಮರದೊಳಗಿನ ಎರಡು ದಾರಿ

“ತಂತಿ ಬಿಗಿದರೆ ಒಮ್ಮೆಗೇ ಸಾಯಬೇಕಲ್ಲ ಮಾವ, ಮೂರು ವರ್ಷ ಯಾಕ ಬೇಕು?” ಎಂದು ಮಗಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ.

ಮರದಲ್ಲಿ ಎರಡು ದಾರಿಗಳಿವೆ. ಬೇರು ಹೀರಿದ ನೀರು ಒಳಗಿನ ಬಿಳಿಯ ಮರದ ಮೂಲಕ ಮೇಲಕ್ಕೆ ಹೋಗುತ್ತದೆ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆ ತೊಗಟೆಯ ಒಳಪದರದ ಮೂಲಕ ಕೆಳಕ್ಕೆ ಇಳಿಯುತ್ತದೆ. ತಂತಿ ಮೊದಲು ಮುಚ್ಚುವುದು ತೊಗಟೆಯ ದಾರಿಯನ್ನು. ನೀರು ಏರುತ್ತಲೇ ಇರುವುದರಿಂದ ಎಲೆ ಹಸಿರಾಗಿರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಇಳಿಯಲಾರದ ಊಟ ತಂತಿಯ ಮೇಲೆ ಕೂಡಿಬಿದ್ದು ಕಾಂಡ ಉಬ್ಬುತ್ತದೆ. ಕೊಂಬೆಗಳಲ್ಲಿ ಮಿಕ್ಕ ಸಕ್ಕರೆ ಹೂವಾಗಿ ಒಡೆಯುತ್ತದೆ. ಹಿಂದಿನ ವರ್ಷ ಕೇರಿ ಮೆಚ್ಚಿದ ಹೂವು ಮರದ ಸಂಕಟವಾಗಿತ್ತು. ಅತ್ತ ಬೇರು ಉಪವಾಸ ಬೀಳುತ್ತದೆ. ಬೇರು ಸೋತ ಮೇಲೆ ನೀರೂ ಏರುವುದಿಲ್ಲ. ಆಗ ಎಲೆ ಹಳದಿಯಾಗುತ್ತದೆ. ಜನ ಎಲೆಯನ್ನು ನೋಡಿ ಗೊಬ್ಬರ ಹಾಕುತ್ತಾರೆ. ಹಸಿದು ಸೋತ ಬೇರಿಗೆ ಯೂರಿಯಾ ಊಟವಲ್ಲ, ಹೊರೆ.

ತಂತಿಯ ಕೆಳಗೆ ಎದ್ದ ಚಿಗುರಿಗೂ ಇದೇ ಅರ್ಥ. ಮೇಲಿನಿಂದ ಊಟ ಬಾರದಿದ್ದಾಗ ನಾಟಿ ಬೇರು ತನ್ನ ಎಲೆಯನ್ನು ತಾನೇ ಹೊರಡಿಸಿಕೊಂಡಿತ್ತು.

ಎರಡು ದಿನದ ಕೆಲಸ

ಮೊದಲ ದಿನ ಬಿಡಿಸುವ ಕೆಲಸ. ತಂತಿಯನ್ನು ಎಳೆಯಬಾರದು, ಎಳೆದರೆ ಉಳಿದ ತೊಗಟೆಯೂ ಹರಿದುಬರುತ್ತದೆ. ಕಾಣುವಷ್ಟು ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದನು. ಮರ ಪೂರ್ತಿ ನುಂಗಿದ್ದನ್ನು ಮರಕ್ಕೇ ಬಿಟ್ಟನು. ಏರಿಸಿದ್ದ ಮಣ್ಣನ್ನು ಕಸಿಯ ಗಂಟು ಗಾಳಿಗೆ ತೆರೆದುಕೊಳ್ಳುವವರೆಗೆ ಬಗೆದು ಹಾಕಿಸಿದನು. ಬಚ್ಚಲ ನೀರಿನ ಕಾಲುವೆ ಬೇರೆ ಕಡೆಗೆ ತಿರುಗಿತು. ಪಾತಿಯನ್ನು ಕಾಂಡದಿಂದ ದೂರಕ್ಕೆ, ಎಲೆಯ ನೆರಳಿನ ಅಂಚಿಗೆ ಸರಿಸಿ, ಕಾಂಡದ ಸುತ್ತ ನೀರು ನಿಲ್ಲದಂತೆ ಒಳಗೊಂದು ಚಿಕ್ಕ ಕಟ್ಟೆ ಹಾಕಿದನು. ಒಣಗಿದ ಕಡ್ಡಿಗಳನ್ನು ಕಂದು ಮುಗಿದು ಹಸಿರು ಶುರುವಾದಲ್ಲಿಂದ ಇನ್ನೂ ನಾಲ್ಕು ಬೆರಳು ಕೆಳಗೆ ಕತ್ತರಿಸಿ ಸುಡಿಸಿದನು.

ಕೊಳೆತ ತೊಗಟೆಯನ್ನು ಗಟ್ಟಿ ಅಂಚು ಸಿಗುವವರೆಗೆ ಕೆರೆದು, ಅದಕ್ಕೂ ಕತ್ತರಿಸಿದ ಗಾಯಗಳಿಗೂ ಬೋರ್ಡೋ ಮುಲಾಮು ಬಳಿದನು. ಇದನ್ನು ಮನೆಯಲ್ಲೇ ಮಾಡಬಹುದು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮೈಲುತುತ್ತ ವಿಷ, ಮಕ್ಕಳ ಕೈಗೆ ಕೊಡಬಾರದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಈ ಮದ್ದಿನ ಗುಣವನ್ನು ಕಂಡು 1885ರಲ್ಲಿ ಲೋಕಕ್ಕೆ ತಿಳಿಸಿದವನು ಮಿಲಾರ್ದೆ ಎಂಬ ವಿಜ್ಞಾನಿ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಇದನ್ನೇ ಹೊಡೆಯಲು ಕಲಿಸಿದರು. ಅಡಕೆಯವರ ಮನೆಮಾತಾದ ಬೋರ್ಡೋ ಹೀಗೆ ಕೋಸಗಿಯ ಹಿತ್ತಿಲಿಗೂ ಬಂತು.

ಎರಡನೆಯ ದಿನ ಕಟ್ಟುವ ಕೆಲಸ. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡಲ್ಲಿ ಕಿತ್ತು ಹಾಕುವುದು ತೋಟಗಾರರ ನಿಯಮ. ಬಿಟ್ಟರೆ ನಾಟಿ ಮರವೇ ಬೆಳೆದು ಜಾತಿ ಮರವನ್ನು ತಿನ್ನುತ್ತದೆ. ತಂದೆ ಕೊಡಲಿ ಎತ್ತಿದ್ದೂ ಅದಕ್ಕೇ. ಮಾವ ತಡೆದನು. ನಿಯಮದ ಉದ್ದೇಶ ಮರವನ್ನು ಉಳಿಸುವುದು; ಇಲ್ಲಿ ಮರವನ್ನು ಉಳಿಸುವುದು ಆ ಚಿಗುರೇ. ಅದು ಗಟ್ಟಿ ಬೇರಿನ ಪಕ್ಕದಿಂದ ಎದ್ದಿದೆ. ಅದರ ತಲೆಯನ್ನು ಬೆಣೆಯಂತೆ ಓರೆಯಾಗಿ ಕೆತ್ತಿ, ತಂತಿಯ ಗಾಯದಿಂದ ಮೇಲೆ ಕಾಂಡದ ತೊಗಟೆಯಲ್ಲಿ ಬಾಯಿ ಬಿಡಿಸಿ, ಒಳಗೆ ಕೂರಿಸಿ, ಎರಡು ಸಣ್ಣ ಮೊಳೆ ಹೊಡೆದು, ಪಟ್ಟಿ ಸುತ್ತಿ, ಮೇಲೆ ಮೇಣ ಮೆತ್ತಿದನು. ಬೆಸೆದರೆ ಅದೇ ಸೇತುವೆ: ಎಲೆಯ ಊಟ ತಂತಿಯ ಗಾಯವನ್ನು ಬಳಸಿ ಬೇರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ತೊಗಟೆ ಸುಲಭವಾಗಿ ಬಿಡುವುದರಿಂದ ಈ ಕೆಲಸಕ್ಕೆ ಶ್ರಾವಣ ಹೇಳಿಮಾಡಿಸಿದ ಕಾಲ.

ಕೊಳೆತ ಪಕ್ಕಕ್ಕೆ ಹೊಸ ಬೇರು ಬೇಕಿತ್ತು. ಮಗಳು, ಅವಳ ತಮ್ಮ ತಿಪ್ಪೆಯನ್ನು ಹುಡುಕಿ ನಾಲ್ಕು ಮಾವಿನ ಸಸಿಗಳನ್ನು ತಂದರು. ಬೇಸಗೆಯಲ್ಲಿ ತಿಂದು ಎಸೆದ ನಾಟಿ ಮಾವಿನ ವಾಟೆಗಳು ಮೊದಲ ಮಳೆಗೆ ಮೊಳೆತಿದ್ದವು. ಅವುಗಳಲ್ಲಿ ಎರಡನ್ನು ಬುಡದಿಂದ ಗೇಣು ದೂರದಲ್ಲಿ ನೆಟ್ಟರು. ಅವು ಪೆನ್ಸಿಲಿನಷ್ಟು ದಪ್ಪವಾದ ಮೇಲೆ, ಮರುವರ್ಷದ ಮಳೆಗಾಲದಲ್ಲಿ, ಅವುಗಳ ತಲೆಯನ್ನೂ ಕಾಂಡಕ್ಕೆ ಸೇರಿಸಬೇಕು. ಆಗ ಒಂದು ಮರಕ್ಕೆ ಹೊಸ ಕಾಲುಗಳು.

ಹೊರಡುವಾಗ ಮಾವ ಎರಡು ಮಾತು ಹೇಳಿದನು. “ಮೂರು ತಿಂಗಳಿಗೆ ಈ ಪಟ್ಟಿ ಬಿಚ್ಚಬೇಕು. ಕಟ್ಟಿದ್ದು ನೆನಪಿರಲಿ, ಇಲ್ಲಂದ್ರ ಇದೂ ಆ ತಂತೀನೇ ಆಗತೈತಿ.” ಮಗಳು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖು ಬರೆದುಕೊಂಡಳು. ಇನ್ನೊಂದು ಮಾತು: “ಈ ಬ್ಯಾಸಗಿ ನೀರು ತಪ್ಪಿದರ ನಾನು ಮಾಡಿದ್ದೆಲ್ಲ ಸುಳ್ಳು.”

ಬೇಸಗೆಯ ನೀರು ಯಾರದು?

ಎರಡನೆಯ ಮಾತು ಮನೆಯಲ್ಲಿ ಉಳಿಯಿತು. ಬೇಸಗೆಯಲ್ಲಿ ಈ ಮನೆಯವರು ಗುಂಟೂರಿನಲ್ಲಿರುತ್ತಾರೆ. ಹಿಂದಿನ ಎರಡು ವರ್ಷ ಮಗಳೂ ಹೋಗಿದ್ದಳು. ಮೆಣಸಿನಕಾಯಿ ಬಿಡಿಸಲು ಚಿಕ್ಕ ಬೆರಳು ಒಳ್ಳೆಯದು ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಆ ಬೆರಳಿನ ಉರಿಗೆ ಅನ್ನ ಕಲಸುವುದೂ ಕಷ್ಟ.

ಬಣ್ಣ ಬಳಿಯದ ಎರಡು ಮಣ್ಣಿನ ಮಡಕೆಗಳನ್ನು ಪಾತಿಯಲ್ಲಿ ಕುತ್ತಿಗೆಯವರೆಗೆ ಹೂಳಿದರು. ಮಡಕೆಯಲ್ಲಿ ತುಂಬಿದ ನೀರು ಗೋಡೆಯ ಮೂಲಕ ಜಿನುಗಿ, ಬೇರಿಗೆ ಬೇಕಾದಷ್ಟು ಮಾತ್ರ ಸಿಗುತ್ತದೆ. ಬಿಸಿಲಿಗೆ ಆರಿಹೋಗುವುದು ಕಡಿಮೆ. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, ಶೇಂಗಾ ಸಿಪ್ಪೆಯ ಹೊದಿಕೆ. ಹಾಗೆ ಮಾಡಿದರೆ ವಾರಕ್ಕೆ ಎರಡು ಸಲ ತುಂಬಿದರೂ ಸಾಕು. ಆದರೆ ತುಂಬುವವರು ಬೇಕು. ಅಜ್ಜಿಗೆ ಮೊಣಕಾಲು ನೋವು, ಬಿಂದಿಗೆ ಎತ್ತಲಾರಳು.

ಆ ಪುಷ್ಯದಲ್ಲಿ ಮೂಟೆ ಕಟ್ಟುವಾಗ ತಾಯಿ ಹೇಳಿದಳು: “ಗಿಡಕ್ಕ ನೀರು ಹಾಕಾಕ ಒಬ್ಬರು ಬೇಕಲ್ಲ. ಈಕಿ ಇಲ್ಲೇ ಇರಲಿ.” ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದನು. ಒಂದು ಜೊತೆ ಕೈ ಕಡಿಮೆಯಾದರೆ ದಿನದ ಕೂಲಿ ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿದನು. ಮಗಳು ಅಜ್ಜಿಯೊಡನೆ ಉಳಿದಳು. ಬೆಳಿಗ್ಗೆ ಮಡಕೆ ತುಂಬಿ ಶಾಲೆಗೆ ಹೋದಳು. ಆ ವರ್ಷ ಹಾಜರಿ ಪುಸ್ತಕದಲ್ಲಿ ಅವಳ ಸಾಲು ಯುಗಾದಿಯವರೆಗೆ ತಪ್ಪಲಿಲ್ಲ.

ಗಡಿಯಾಚೆಯ ಕನ್ನಡ ಶಾಲೆಗಳ ಮಾತು ಬಂದಾಗ ಮಕ್ಕಳ ಸಂಖ್ಯೆ ಇಳಿಯಿತು ಎಂಬ ಮರುಕವನ್ನು ಎಲ್ಲರೂ ಕೇಳಿದ್ದಾರೆ. ಅದು ಎಲೆಯ ಮಾತು. ಬುಡದಲ್ಲಿ ಸುಗ್ಗಿಯಿದೆ, ಮುಂಗಡವಿದೆ, ಮಗುವನ್ನು ನೋಡಿಕೊಳ್ಳುವವರಿಲ್ಲದ ಮನೆಯಿದೆ. ಭಾಷೆಯ ಅಭಿಮಾನವನ್ನು ಎಲೆಗೆ ಎಷ್ಟು ಸಿಂಪಡಿಸಿದರೂ ಬುಡದ ತಂತಿ ಸಡಿಲವಾಗುವುದಿಲ್ಲ. ಒಂದು ಊರಿನಲ್ಲಿ ಬೇಸಗೆಯ ನಾಲ್ಕು ತಿಂಗಳು ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಏರ್ಪಾಡು ಗಟ್ಟಿಯಾದರೆ, ಆ ಊರಿನ ಕನ್ನಡ ಶಾಲೆ ಅರ್ಧ ಉಳಿದಂತೆ.

ಈಗ

ಕಾರ್ತಿಕದಲ್ಲಿ ಪಟ್ಟಿ ಬಿಚ್ಚಿದಾಗ ಚಿಗುರು ಬೆಸೆದಿತ್ತು. ಮಾಘದಲ್ಲಿ ಬಂದ ಹೂವನ್ನು, ಮಾವ ಹೇಳಿಕಳಿಸಿದಂತೆ, ಮಗಳು ಏಣಿ ಹತ್ತಿ ಚಿವುಟಿ ಹಾಕಿದಳು; ಕೈಗೆ ಸಿಗದ ಎತ್ತರದ್ದು ಮಾತ್ರ ಉಳಿಯಿತು. ಚೇತರಿಸಿಕೊಳ್ಳುವ ಮರದಿಂದ ಫಲ ಕೇಳಬಾರದು. ಬೇಸಗೆಯಲ್ಲಿ ನೆಟ್ಟ ಎರಡು ಸಸಿಗಳಲ್ಲಿ ಒಂದು ಒಣಗಿತು. ಇನ್ನೊಂದನ್ನು ಮರುವರ್ಷದ ಶ್ರಾವಣದಲ್ಲಿ ಮಾವ ಬಂದು ಕಾಂಡಕ್ಕೆ ಸೇರಿಸಿದನು, ಅದು ಹಿಡಿಯಿತು. ಬೀದಿಯ ಪಕ್ಕದ ಒಂದು ದೊಡ್ಡ ಕೊಂಬೆಯನ್ನು ಉಳಿಸಲಾಗಲಿಲ್ಲ. ಉಳಿದ ಕೊಂಬೆಗಳಲ್ಲಿ ಅಂಗೈ ಉದ್ದದ ತಾಮ್ರಬಣ್ಣದ ಚಿಗುರು ಬಂದಿದೆ.

ಮರ ಮತ್ತೆ ಮೊದಲಿನಷ್ಟು ಹಣ್ಣು ಕೊಡುತ್ತದೆಯೋ ಇಲ್ಲವೋ ಇನ್ನೂ ಎರಡು ವರ್ಷ ಕಾದು ನೋಡಬೇಕು. ನಿಲ್ದಾಣದಿಂದ ಇಳಿದು ಗುಡ್ಡದ ಕಡೆಗೆ ನಡೆದರೆ ಆ ಹಿತ್ತಿಲು ಕಾಣುತ್ತದೆ. ಬುಡ ಬಟ್ಟಬಯಲಾಗಿದೆ, ಕಸಿಯ ಗಂಟು ನೆಲದಿಂದ ಮೇಲೆ ಎದ್ದು ಕಾಣುತ್ತದೆ, ಅದರ ಎರಡು ಪಕ್ಕದಲ್ಲಿ ಎರಡು ಹೊಸ ಕಾಲುಗಳು ಓರೆಯಾಗಿ ನೆಲಕ್ಕಿಳಿದಿವೆ. ಮನೆಯವರು ಈ ವರ್ಷ ಮತ್ತೊಂದು ಆಡು ತಂದಿದ್ದಾರೆ. ಅದನ್ನು ಕಟ್ಟಿರುವುದು ಗೋಡೆಯ ಪಕ್ಕ ನೆಟ್ಟ ಗೂಟಕ್ಕೆ.